ಮಣ್ಣಿನಲ್ಲಿ ಹೂಳಿದ ಹೊನ್ನು
ಜಮಷೇಟ್‌ಜಿ ಟಾಟಾ ಅವರ ಜೀವನವನ್ನು ಕುರಿತು

ವ್ಯಾಪಾರಿಯ ಹಣಕ್ಕೂ ಕಾರ್ಖಾನೆ ಕಟ್ಟುವವನ ಹಣಕ್ಕೂ ಸ್ವಭಾವದಲ್ಲಿಯೇ ಭೇದವುಂಟು. ವ್ಯಾಪಾರಿಯು ಇಂದು ಅರಳೆಯನ್ನು ಕೊಂಡು ನಾಳೆ ಮಾರುತ್ತಾನೆ. ಬೆಲೆ ಕುಸಿಯುವ ಸೂಚನೆ ಕಂಡರೆ ಸಿಕ್ಕಿದ ಬೆಲೆಗೆ ಸರಕನ್ನು ಬಿಟ್ಟುಕೊಟ್ಟು, ಉಳಿದುದನ್ನು ಗಂಟುಕಟ್ಟಿಕೊಂಡು ಊರು ಸೇರುತ್ತಾನೆ. ಅವನ ಹಣಕ್ಕೆ ಕಾಲುಗಳಿವೆ. ಉಕ್ಕಿನ ಕಾರ್ಖಾನೆಗೆ ಹಾಕಿದ ಹಣಕ್ಕೆ ಕಾಲಿಲ್ಲ. ಅದು ಒಮ್ಮೆ ಅಡಿಪಾಯವಾಗಿ, ಕುಲುಮೆಯಾಗಿ, ರೈಲುಹಳಿಯಾಗಿ, ನೀರಿನ ಕಟ್ಟೆಯಾಗಿ ನಿಂತ ಮೇಲೆ ಅದನ್ನು ಮತ್ತೆ ರೂಪಾಯಿಯಾಗಿ ಮಾಡಿಕೊಳ್ಳುವ ಉಪಾಯವಿಲ್ಲ. ಮೊದಲ ಮಣ ಕಬ್ಬಿಣ ಹೊರಬೀಳುವ ಮುನ್ನವೇ ಕೋಟಿಗಟ್ಟಲೆ ದ್ರವ್ಯವು ನೆಲದ ಪಾಲಾಗಿರಬೇಕು. ಅನಂತರವೂ ವರ್ಷಾನುಗಟ್ಟಲೆ ಕಾದಿರಬೇಕು. ಕೂಲಿಗಿಂತ ಮೂಲಧನವೇ ಬಹುಪಾಲು ಹಿರಿದಾದ ಇಂಥ ಉದ್ಯಮಗಳನ್ನು ಅರ್ಥಶಾಸ್ತ್ರಜ್ಞರು ಬಂಡವಾಳಪ್ರಧಾನ ಉದ್ಯಮಗಳೆಂದು ಕರೆಯುತ್ತಾರೆ.

ನಾನು ಬಹುಕಾಲ ಅರ್ಥಶಾಸ್ತ್ರವನ್ನು ಪಾಠ ಹೇಳಿಕೊಂಡು ಬಂದವನು. ದುಡಿಯುವ ಕೈಗಳು ಕೋಟ್ಯಂತರವಾಗಿಯೂ ಹಣ ಮಾತ್ರ ವಿರಳವಾಗಿಯೂ ಇರುವ ನಾಡು, ಕೈಗಳನ್ನು ಬಿಟ್ಟು ಹಣವನ್ನೇ ಬೇಡುವ ಯಂತ್ರಗಳ ಬೆನ್ನುಹತ್ತುವುದು ಯಾವ ವಿವೇಕವೆಂದು ತರಗತಿಯಲ್ಲಿ ಪ್ರತಿವರ್ಷವೂ ಒಬ್ಬನಾದರೂ ಕೇಳುತ್ತಿದ್ದನು. ಪ್ರಶ್ನೆ ಹಗುರವಾದುದಲ್ಲ. ಸಿದ್ಧಾಂತದಿಂದ ಅದಕ್ಕೆ ಕೊಡುವ ಉತ್ತರ ಎಂದೂ ನನಗೆ ಪೂರ್ಣ ಸಮಾಧಾನವನ್ನು ತಂದಿಲ್ಲ. ಆದುದರಿಂದ ಅಂಥ ಸಂದರ್ಭಗಳಲ್ಲಿ ನಾನು ಪುಸ್ತಕವನ್ನು ಮುಚ್ಚಿಟ್ಟು ಒಬ್ಬ ಮನುಷ್ಯನ ಕಥೆಯನ್ನು ಹೇಳುತ್ತಿದ್ದೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುತ್ತಿದ್ದೇನೆ.

ಜಮಷೇಟ್‌ಜಿ ನಸರವಾನ್‌ಜಿ ಟಾಟಾ ಅವರು 1839ನೆಯ ಇಸವಿ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ ಜನಿಸಿದರು. ಅವರದು ಪಾರಸಿಗಳ ಪುರೋಹಿತ ಮನೆತನ. ತಲೆತಲಾಂತರದಿಂದ ಪವಿತ್ರಾಗ್ನಿಯು ಆರದಂತೆ ಕಾಯುತ್ತ ಬಂದ ವಂಶ. ಮುಂದೆ ಇದೇ ವಂಶದ ಕುಡಿಯೊಂದು ಹಗಲಿರುಳೂ ಆರಬಾರದ ಇನ್ನೊಂದು ಬಗೆಯ ಬೆಂಕಿಗೆ ಜೀವವನ್ನು ತೇದದ್ದನ್ನು ನೆನೆದಾಗ ನನಗೆ ನಗುವೂ ಬರುತ್ತದೆ, ಆಶ್ಚರ್ಯವೂ ಆಗುತ್ತದೆ. ತಂದೆ ನಸರವಾನ್‌ಜಿಯವರು ಪೌರೋಹಿತ್ಯವನ್ನು ಬಿಟ್ಟು ಮುಂಬಯಿಗೆ ಬಂದು ವ್ಯಾಪಾರಕ್ಕಿಳಿದ, ಆ ಮನೆತನದ ಮೊದಲಿಗರು. ಮಗನು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಮರುವರ್ಷ ತಂದೆಯ ಅಂಗಡಿಯನ್ನು ಸೇರಿದನು. ಆ ವರ್ಷದ ಕೊನೆಗೇ ಹಾಂಗ್‌ಕಾಂಗಿಗೆ ಪಯಣ. ಇಲ್ಲಿಂದ ಅರಳೆ ಮತ್ತು ಅಫೀಮು ಅಲ್ಲಿಗೆ ಹೋಗುತ್ತಿತ್ತು. ಅಲ್ಲಿಂದ ಚಹಾ, ರೇಷ್ಮೆ, ತಾಮ್ರ, ಕರ್ಪೂರಗಳು ಇಲ್ಲಿಗೆ ಬರುತ್ತಿದ್ದವು. ಅಫೀಮಿನ ಮಾತನ್ನು ಮುಚ್ಚಿಡುವುದು ನನಗೆ ಸರಿದೋರದು. ಆ ಕಾಲದ ಮುಂಬಯಿಯ ಎಷ್ಟೋ ಐಶ್ವರ್ಯದ ಬೇರು ಆ ಕಪ್ಪು ಸರಕಿನಲ್ಲಿಯೇ ಇತ್ತು.

ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ವರ್ಷಗಳವು. ಅಲ್ಲಿನ ಅರಳೆ ಲ್ಯಾಂಕಾಷೈರಿನ ಗಿರಣಿಗಳಿಗೆ ಬಾರದೆ, ಮುಂಬಯಿಯ ಅರಳೆಗೆ ಚಿನ್ನದ ಬೆಲೆ ಬಂದಿತ್ತು. ಊರಿಗೆ ಊರೇ ಸಟ್ಟಾವ್ಯಾಪಾರದ ಅಮಲಿನಲ್ಲಿ ತೇಲಿತು. ಲಂಡನ್ನಿನಲ್ಲಿ ಭಾರತೀಯರದೇ ಒಂದು ಬ್ಯಾಂಕನ್ನು ಸ್ಥಾಪಿಸಬೇಕೆಂಬ ಹಂಚಿಕೆಯಿಂದ ಜಮಷೇಟ್‌ಜಿಯವರನ್ನು ಇಂಗ್ಲೆಂಡಿಗೆ ಕಳುಹಿಸಿದರು. 1865ರಲ್ಲಿ ಯುದ್ಧವು ಮುಗಿಯಿತು. ಅರಳೆಯ ಬೆಲೆ ಪಾತಾಳಕ್ಕಿಳಿಯಿತು. ಅವರು ಕೈಯಲ್ಲಿ ಹಿಡಿದುಕೊಂಡು ಹೋಗಿದ್ದ ಹುಂಡಿಗಳು ಬರಿಯ ಕಾಗದಗಳಾದವು. ಪರದೇಶ, ಇಪ್ಪತ್ತಾರರ ವಯಸ್ಸು, ಸುತ್ತಲೂ ಸಾಲಗಾರರು. ಮರೆಸಿಕೊಂಡು ತಿರುಗಬಹುದಾಗಿತ್ತು, ಹಾಗೆ ಮಾಡಿದವರು ಆಗ ಅನೇಕರಿದ್ದರು. ಇವರು ಮಾತ್ರ ಸಾಲಗಾರರ ಮುಂದೆ ನಿಂತು, ತಮ್ಮ ಲೆಕ್ಕವನ್ನೆಲ್ಲ ಬಿಚ್ಚಿಟ್ಟು, ಇರುವುದಿಷ್ಟೆಂದು ನಿವೇದಿಸಿದರು. ಆ ನಡತೆಗೆ ಸಾಲಗಾರರು ಮೆಚ್ಚಿ, ತಿಂಗಳಿಗೆ 20 ಪೌಂಡು ಸಂಬಳದ ಮೇಲೆ ಅವರನ್ನೇ ಅವರ ಆಸ್ತಿಯ ವಿಲೇವಾರಿಗೆ ನೇಮಿಸಿದರು. ಮುಂದೆ ಕೋಟಿಗಳ ಮಾತನ್ನಾಡಿದ ಈ ಮನುಷ್ಯನಿಗೆ ದೊರೆತ ಮೊದಲ ನಿಜವಾದ ಬಂಡವಾಳ ಇದೇ ಎಂದು ನನ್ನ ಅಭಿಪ್ರಾಯ. ಕೊಟ್ಟ ಹಣವನ್ನು ಬೇಕೆಂದಾಗ ಹಿಂದಕ್ಕೆ ಪಡೆಯಲಾಗದ ಕಡೆ, ಕೊಡುವವನು ನೋಡುವುದು ಕಾಗದವನ್ನಲ್ಲ, ಮುಖವನ್ನು.

1868ರಲ್ಲಿ 21,000 ರೂಪಾಯಿಗಳಿಂದ ಅವರು ಸ್ವಂತ ವ್ಯಾಪಾರವನ್ನು ಆರಂಭಿಸಿದರು. ಅಬಿಸೀನಿಯಾಕ್ಕೆ ಹೊರಟ ಜನರಲ್ ನೇಪಿಯರನ ಸೈನ್ಯಕ್ಕೆ ಸಾಮಗ್ರಿಯನ್ನು ಒದಗಿಸುವ ಗುತ್ತಿಗೆಯಲ್ಲಿ ತಂದೆಮಕ್ಕಳಿಗೆ ಪಾಲು ದೊರೆತು, ಮನೆತನವು ಮತ್ತೆ ತಲೆಯೆತ್ತಿತು. ಮುಂಬಯಿಯ ಚಿಂಚ್‌ಪೋಕ್ಲಿಯಲ್ಲಿ ಮುಳುಗಿಹೋಗಿದ್ದ ಒಂದು ಎಣ್ಣೆಯ ಗಿರಣಿಯನ್ನು 1869ರಲ್ಲಿ ಕೊಂಡು ಹತ್ತಿಯ ಗಿರಣಿಯಾಗಿ ಮಾರ್ಪಡಿಸಿ, ಅಲೆಕ್ಸಾಂಡ್ರಾ ಎಂದು ಹೆಸರಿಟ್ಟು, ಎರಡು ವರ್ಷಗಳಲ್ಲಿ ಲಾಭಕ್ಕೆ ಮಾರಿದರು. ಇದಿನ್ನೂ ವ್ಯಾಪಾರಿಯ ಬುದ್ಧಿಯೇ. ಅಲ್ಲಿಂದ ಅವರು ಲ್ಯಾಂಕಾಷೈರಿಗೆ ಹೋಗಿ ಗಿರಣಿಗಳನ್ನು ಒಳಹೊಕ್ಕು ನೋಡಿ ಬಂದರು. ಬಂದವರ ಮನಸ್ಸು ಬದಲಾಗಿತ್ತು.

ಆಗ ಗಿರಣಿಯೆಂದರೆ ಮುಂಬಯಿ ಎಂಬುದು ರೂಢಿ. ಜಮಷೇಟ್‌ಜಿಯವರು ಎಲ್ಲರೂ ಹೋಗುವ ದಾರಿಯನ್ನು ಬಿಟ್ಟು ನಾಗಪುರವನ್ನು ಆರಿಸಿದರು. ಹತ್ತಿ ಬೆಳೆಯುವ ನೆಲ ಅದು. ವರೋರಾದ ಕಲ್ಲಿದ್ದಲು ಹತ್ತಿರ. ಬಟ್ಟೆಯನ್ನು ಕೊಳ್ಳುವ ಜನ ಸುತ್ತಲೂ ಇದ್ದರು. 1874ರಲ್ಲಿ 15 ಲಕ್ಷ ರೂಪಾಯಿಗಳ ಮೂಲಧನದಿಂದ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಸಿಕ್ಕಿದ ನಿವೇಶನವು ಕೆರೆಯ ಮಗ್ಗುಲಿನ ಜವುಗು ನೆಲ. ಅದನ್ನು ತುಂಬಿಸಲು ಗಾಡಿಗಟ್ಟಲೆ ಮಣ್ಣನ್ನು ಸುರಿಸುತ್ತಿರುವುದನ್ನು ಕಂಡು, ಊರಿನ ಮಾರವಾಡಿ ಸಾಹುಕಾರನೊಬ್ಬನು, ಹೊನ್ನನ್ನು ಮಣ್ಣಿನಲ್ಲಿ ಹೂಳುವ ಇಂಥ ಮರುಳನಿಗೆ ತಾನು ಸಾಲ ಕೊಡುವುದಿಲ್ಲವೆಂದು ನಿರಾಕರಿಸಿದನಂತೆ. ಅವನೇ ಮುಂದೆ, ಆತನು ಹೂಳಿದ್ದು ಮಣ್ಣು, ತೆಗೆದದ್ದು ಹೊನ್ನು ಎಂದು ಒಪ್ಪಿಕೊಂಡನೆಂದು ಹೇಳುತ್ತಾರೆ. ಕಥೆಯ ಎರಡನೆಯ ಭಾಗವೇ ಜನಕ್ಕೆ ಪ್ರಿಯ. ನನಗೆ ಮೊದಲನೆಯ ಭಾಗ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಸಾಹುಕಾರನು ಮೂರ್ಖನಾಗಿರಲಿಲ್ಲ. ಬಡ್ಡಿಯ ಲೆಕ್ಕವನ್ನು ತಿಂಗಳ ಮೇಲೆ ಹಾಕಿ ಬಾಳಿದವನಿಗೆ ಹತ್ತು ವರ್ಷಗಳ ಲೆಕ್ಕವು ಹುಚ್ಚಾಗಿ ಕಂಡರೆ ಅದರಲ್ಲಿ ತಪ್ಪೇನು? ನಮ್ಮ ದೇಶದಲ್ಲಿ ಹಣವೇ ಇರಲಿಲ್ಲವೆಂಬ ಮಾತು ಪೂರ್ಣ ನಿಜವಲ್ಲ. ಕಾಯುವ ಹಣ ಇರಲಿಲ್ಲ.

1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸಿದ ದಿನವೇ, ಗಿರಣಿಯು ಆರಂಭವಾಯಿತು. ಅದಕ್ಕೆ ಎಂಪ್ರೆಸ್ ಮಿಲ್ ಎಂದು ಹೆಸರಾಯಿತು. ಸುಮಾರು 30,000 ಕದಿರುಗಳು, 450 ಮಗ್ಗಗಳು. ಮೊದಲಲ್ಲಿ ಹಣವನ್ನು ಉಳಿಸಲೆಂದು ಅಗ್ಗದ ಯಂತ್ರಗಳನ್ನು ತರಿಸಿದ್ದರು; ನೂಲು ಒರಟಾಗಿ ಬಂತು, ಹೆಸರು ಕೆಟ್ಟಿತು. ಆ ಯಂತ್ರಗಳನ್ನು ತೆಗೆಸಿ ಹೊಸವನ್ನು ಹಾಕಿಸಬೇಕಾಯಿತು. ಮೂಲಧನದಲ್ಲಿ ಜಿಪುಣತನ ಮಾಡಿದವನು ಅದರ ಎರಡರಷ್ಟನ್ನು ದಿನವಹಿ ಖರ್ಚಿನಲ್ಲಿ ತೆರುತ್ತಾನೆಂಬ ಪಾಠವನ್ನು ಅವರು ಮತ್ತೆ ಮರೆಯಲಿಲ್ಲ. ಲ್ಯಾಂಕಾಷೈರಿನ ಗಿರಣಿಗಳೇ ಇನ್ನೂ ಅನುಮಾನದಿಂದ ನೋಡುತ್ತಿದ್ದ ರಿಂಗ್ ಕದಿರುಗಳನ್ನು 1880ರ ದಶಕದಲ್ಲಿ ನಾಗಪುರಕ್ಕೆ ತರಿಸಿ ಪರೀಕ್ಷಿಸಿದರು. ರೈಲ್ವೆಯಲ್ಲಿ ಕೆಲಸಮಾಡುತ್ತಿದ್ದ ಬೇಜನ್‌ಜಿ ದಾದಾಭಾಯಿ ಮೆಹತಾ ಎಂಬವರನ್ನು ಗಿರಣಿಯ ಮೇಲಾಳಾಗಿ ನೇಮಿಸಿದರು. ನೂಲಿನ ವಿದ್ಯೆಯ ಗಂಧವೂ ಇಲ್ಲದ ಆ ಮನುಷ್ಯನೇ ಗಿರಣಿಯನ್ನು ಹೆಸರುವಾಸಿಯಾಗಿ ಮಾಡಿದುದು. ಆಳುಗಳು ದಿನಬಿಟ್ಟು ದಿನ ಬರುವ ಊರದು. ದಂಡ ಹಾಕುವುದರ ಬದಲು ಒಳಗೆ ಗಾಳಿಯನ್ನು ತಂಪಾಗಿಸುವ ವ್ಯವಸ್ಥೆ, ಬಹುಮಾನಗಳು, 1886ರಲ್ಲಿ ನಿವೃತ್ತಿ ವೇತನದ ನಿಧಿ, 1895ರಲ್ಲಿ ಅಪಘಾತಕ್ಕೀಡಾದವರಿಗೆ ಪರಿಹಾರ. ಇದನ್ನು ಬರಿಯ ದಯೆಯೆಂದು ಬರೆಯುವವರಿದ್ದಾರೆ. ದಯೆ ಇದ್ದೀತು, ಲೆಕ್ಕವೂ ಇತ್ತು. ಯಂತ್ರದಲ್ಲಿ ಹಣ ಹೂಳಿದವನಿಗೆ ಯಂತ್ರವು ನಿಂತ ಒಂದೊಂದು ಗಂಟೆಯೂ ನಷ್ಟವೇ; ನುರಿತ ಆಳು ನಾಳೆಯೂ ಬರುವಂತೆ ಮಾಡುವುದು ಅವನಿಗೆ ಧರ್ಮವೂ ಹೌದು, ಲಾಭವೂ ಹೌದು. ಆ ಗಿರಣಿಯು ಇಂದು ಮುಚ್ಚಿಹೋಗಿದೆ.

1886ರಲ್ಲಿ ಕುರ್ಲಾದ ಧರ್ಮಸಿ ಗಿರಣಿಯನ್ನು ಹನ್ನೆರಡೂವರೆ ಲಕ್ಷಕ್ಕೆ ಕೊಂಡು ಸ್ವದೇಶಿ ಮಿಲ್ ಎಂದು ಹೆಸರಿಟ್ಟುದನ್ನು ಇಲ್ಲಿ ಹೇಳಬೇಕು. ಬಂಗಾಲದಲ್ಲಿ ಸ್ವದೇಶಿಯ ಕೂಗು ಎದ್ದುದು ಅದಕ್ಕೆ ಹತ್ತೊಂಬತ್ತು ವರ್ಷಗಳ ಬಳಿಕ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಆ ಗಿರಣಿಯ ಒಳಗೆಲ್ಲ ತುಕ್ಕು. ಷೇರಿನ ಬೆಲೆ ಬಿತ್ತು. ಬ್ಯಾಂಕು ಸಾಲಕ್ಕೆ ಹಿಂದೆಗೆಯಿತು. ಅವರು ಕುಟುಂಬಕ್ಕೆಂದು ಕಟ್ಟಿಟ್ಟಿದ್ದ ನಿಧಿಯನ್ನು ಮುರಿದು, ನಾಗಪುರದ ತಮ್ಮ ಷೇರುಗಳಲ್ಲಿ ಕೆಲವನ್ನು ಮಾರಿ, ಅಲ್ಲಿನ ನುರಿತ ಜನರನ್ನು ಕರೆಸಿ ಗಿರಣಿಯನ್ನು ಉಳಿಸಿದರು. ಜಪಾನಿನವರೊಡನೆ ಸೇರಿ ನಡೆಸಿದ ಹಡಗಿನ ವ್ಯವಹಾರ ಮಾತ್ರ ಉಳಿಯಲಿಲ್ಲ. ಪಿ. ಆ್ಯಂಡ್ ಓ. ಎಂಬ ಇಂಗ್ಲಿಷ್ ಹಡಗಿನ ಸಂಸ್ಥೆಯು ಸಾಗಾಣಿಕೆಯ ದರವನ್ನು ಇವರು ಬದುಕಲಾರದಷ್ಟು ಇಳಿಸಿತು; ನಮ್ಮ ವರ್ತಕರೇ ಅಗ್ಗದ ಆಸೆಗೆ ಅತ್ತ ವಾಲಿದರು; ಟಾಟಾ ಹಡಗುಗಳು ನಿಂತ ಮೇಲೆ ದರವು ಮತ್ತೆ ಏರಿತು.

ಇನ್ನು ಉಕ್ಕಿನ ಮಾತು.

ಉಕ್ಕು ಎಂಬುದು ನಮ್ಮದೇ ಪದ. ಯೂರೋಪಿನ ವಿದ್ವಾಂಸರು ದಕ್ಷಿಣ ಭಾರತದ ಉಕ್ಕನ್ನು ವೂಟ್ಸ್ ಎಂದು ಕರೆದರು. ಆ ಹೆಸರು ಕನ್ನಡದ ಉಕ್ಕಿನಿಂದಲೇ ಬಂದುದೆಂದು ಹಲವರ ಅಭಿಪ್ರಾಯ. ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಆಳುದ್ದದ ಮಣ್ಣಿನ ಕುಲುಮೆಗಳು ಉರಿಯುತ್ತಿದ್ದವು: ತಿದಿಯೊತ್ತಲು ಒಬ್ಬಿಬ್ಬರು, ಇದ್ದಿಲು ಸುಡಲು ನಾಲ್ವರು, ಅದಿರು ಹೊರಲು ಮನೆಯ ಹೆಂಗಸರು ಮಕ್ಕಳು. ಇದು ಕೈಗಳ ಉದ್ಯಮ, ಮೂಲಧನವೆಂಬುದು ಹೆಸರಿಗಷ್ಟೆ. ನನ್ನ ವಿದ್ಯಾರ್ಥಿಗಳ ಪ್ರಶ್ನೆಗೆ ಚರಿತ್ರೆಯು ಕೊಟ್ಟ ಕಠಿಣ ಉತ್ತರವೊಂದು ಇಲ್ಲಿದೆ. ಆ ಕುಲುಮೆಗಳನ್ನು ಆರಿಸಿದ್ದು ಟಾಟಾ ಅವರಲ್ಲ. ಅವರಿಗಿಂತ ಎಷ್ಟೋ ಮೊದಲೇ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂದು ಅವನ್ನು ಆರಿಸುತ್ತ ಬಂದಿತ್ತು. ಆಗ ನಮಗಿದ್ದ ಆಯ್ಕೆ ಕೈಗೂ ಯಂತ್ರಕ್ಕೂ ನಡುವಿನದಲ್ಲ. ನಮ್ಮ ಯಂತ್ರಕ್ಕೂ ಪರರ ಯಂತ್ರಕ್ಕೂ ನಡುವಿನದು. ರೈಲಿನ ಹಳಿಯೊಂದೊಂದೂ ಹಡಗಿನಲ್ಲಿ ಬರುತ್ತಿತ್ತು.

ದೊಡ್ಡ ಪ್ರಮಾಣದಲ್ಲಿ ಕಬ್ಬಿಣ ಕರಗಿಸುವ ಪ್ರಯತ್ನಗಳು ನಡೆಯದೆ ಇರಲಿಲ್ಲ. ಜೋಸಯ್ಯ ಮಾರ್ಷಲ್ ಹೀತ್ ಎಂಬ ಇಂಗ್ಲಿಷರು 1830ರ ಸುಮಾರಿಗೆ ಮದರಾಸು ಕರಾವಳಿಯ ಪರಂಗಿಪೇಟೆಯಲ್ಲಿ ಕಾರ್ಖಾನೆ ಹೂಡಿ ಹಣವನ್ನೆಲ್ಲ ಕಳೆದುಕೊಂಡರು. ಬಂಗಾಲದ ಕುಲ್ಟಿಯಲ್ಲಿ 1870ರ ದಶಕದಲ್ಲಿ ಎದ್ದ ಕಾರ್ಖಾನೆಯು ಕೆಲವೇ ವರ್ಷಗಳಲ್ಲಿ ಕೈಸೋತು ಸರ್ಕಾರದ ವಶವಾಯಿತು. ಕಾರಣ ಸ್ಥೂಲವಾಗಿ ಒಂದೇ. ಊದುಕುಲುಮೆಯೆಂಬುದು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಅದಕ್ಕೆ ಒಳ್ಳೆಯ ಅದಿರು ಬೇಕು, ಕೋಕ್ ಆಗಬಲ್ಲ ಕಲ್ಲಿದ್ದಲು ಬೇಕು, ಸುಣ್ಣಕಲ್ಲು ಬೇಕು, ತುಂಬಿ ಹರಿಯುವ ನೀರು ಬೇಕು, ಇವನ್ನೆಲ್ಲ ಒಂದೆಡೆಗೆ ತರುವ ರೈಲು ಬೇಕು, ಕೆಲಸಗಾರರಿಗೆ ಊರೇ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉಳಿದುದರ ಮೇಲೆ ಹಾಕಿದ ಹಣವೆಲ್ಲ ವ್ಯರ್ಥ. ಹೊತ್ತಿಸಿದ ಮೇಲೆ ಅದು ಹಗಲಿರುಳೂ ಉರಿಯುತ್ತಲೇ ಇರಬೇಕು; ನಡುವೆ ಆರಿದರೆ ಒಳಗಿನ ಕಬ್ಬಿಣವು ಹೆಪ್ಪುಗಟ್ಟಿ ಕುಲುಮೆಯೇ ಹಾಳಾದೀತು. ಮಾರುಕಟ್ಟೆ ಮಂಕಾಗಿದೆಯೆಂದು ಗಿರಣಿಯನ್ನು ನಾಲ್ಕು ದಿನ ನಿಲ್ಲಿಸಿದಂತೆ ಇದನ್ನು ನಿಲ್ಲಿಸಲಾಗದು.

1882ರಲ್ಲಿ ಚಾಂದಾ ಜಿಲ್ಲೆಯ ಲೋಹಾರಾ ಬೆಟ್ಟದ ಅದಿರನ್ನು ಕುರಿತು ಜರ್ಮನ್ ಭೂಗರ್ಭಶಾಸ್ತ್ರಜ್ಞನೊಬ್ಬನು ಬರೆದ ವರದಿ ಜಮಷೇಟ್‌ಜಿಯವರ ಕೈಗೆ ಬಂತು. ಆ ಅದಿರು ನಾಗಪುರದ ಸಮೀಪದ್ದೇ. ಆದರೆ ವರೋರಾದ ಕಲ್ಲಿದ್ದಲು ಕೋಕಿಗೆ ಒದಗದೆಂದು ಪರೀಕ್ಷೆಯಿಂದ ಗೊತ್ತಾಯಿತು. ಗಣಿಯ ಪರವಾನಗಿಯ ನಿಯಮಗಳೂ ಯಾರೂ ಹಣ ಹಾಕಲಾರದಷ್ಟು ಬಿಗಿಯಾಗಿದ್ದವು. ಅವರು ವರದಿಯನ್ನು ಎತ್ತಿಟ್ಟರು. ಹದಿನೇಳು ವರ್ಷ ಎತ್ತಿಟ್ಟರು, ಮರೆಯಲಿಲ್ಲ. ಖನಿಜಗಳ ಬಗ್ಗೆ ಕಂಡ ಬರಹವನ್ನೆಲ್ಲ ಕೂಡಿಸುತ್ತಲೇ ಇದ್ದರು. 1899ರಲ್ಲಿ ವೈಸರಾಯ್ ಕರ್ಜನ್ನನು ಗಣಿಯ ನಿಯಮಗಳನ್ನು ಸಡಿಲಿಸಿದನು. ಮರುವರ್ಷ ಜಮಷೇಟ್‌ಜಿಯವರು ಲಂಡನ್ನಿನಲ್ಲಿ ಭಾರತ ಮಂತ್ರಿ ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ನನನ್ನು ಕಂಡು ತಮ್ಮ ಉದ್ದೇಶವನ್ನು ತಿಳಿಸಿದರು. ಆಗ ವಯಸ್ಸು ಅರುವತ್ತೊಂದು.

ಇದೇ ವರ್ಷಗಳಲ್ಲಿ ಅವರ ಮನಸ್ಸು ಇನ್ನೆರಡು ಬೃಹತ್ ಕಾರ್ಯಗಳಲ್ಲಿ ತೊಡಗಿತ್ತು. ಒಂದು ನಮ್ಮ ಬೆಂಗಳೂರಿಗೆ ಸೇರಿದ ಕಥೆ. ಹಣ ಹೂಳಿದರೆ ಸಾಲದು, ಯಂತ್ರದ ಹಿಂದಿನ ಶಾಸ್ತ್ರವೂ ನಮ್ಮದಾಗಬೇಕೆಂದು ಅವರು ಕಂಡುಕೊಂಡಿದ್ದರು. 1898ರಲ್ಲಿ ವಿಜ್ಞಾನದ ಉನ್ನತ ಸಂಶೋಧನೆಗಾಗಿ ಒಂದು ವಿದ್ಯಾಪೀಠವನ್ನು ಸ್ಥಾಪಿಸಲು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಕೊಡಲು ಮುಂದಾದರು. ಅದೇ ವರ್ಷ ಸ್ವಾಮಿ ವಿವೇಕಾನಂದರಿಗೂ ಈ ವಿಷಯವಾಗಿ ಪತ್ರ ಬರೆದರು. ಐದು ವರ್ಷಗಳ ಹಿಂದೆ ಜಪಾನಿನಿಂದ ಅಮೆರಿಕೆಗೆ ಹೋಗುವ ಹಡಗಿನಲ್ಲಿ ಇಬ್ಬರೂ ಸಹಪ್ರಯಾಣಿಕರಾಗಿದ್ದರು. ಇಷ್ಟು ಓದಿದವರಿಗೆ ಉದ್ಯೋಗವೆಲ್ಲಿ ಎಂದು ಕರ್ಜನ್ನನಿಗೆ ಸಂಶಯ. ರಸಾಯನಶಾಸ್ತ್ರಜ್ಞ ವಿಲಿಯಂ ರ್‍ಯಾಮ್ಸೆಯವರು ದೇಶವನ್ನು ಸುತ್ತಿ ನೋಡಿ ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ಕೊಟ್ಟಿತು. ವಿದ್ಯಾಪೀಠವು ಸ್ಥಾಪಿತವಾದುದು 1909ರಲ್ಲಿ. ಮೊದಲ ವಿದ್ಯಾರ್ಥಿಗಳು ಬಂದುದು 1911ರಲ್ಲಿ. ಬೆಂಗಳೂರಿನ ಹಳಬರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯುಂಟು. ಅಲ್ಲಿ ಅವರು ಜಪಾನೀ ಪರಿಣತರನ್ನು ಕರೆಸಿ ರೇಷ್ಮೆಹುಳು ಸಾಕುವುದನ್ನು ಕಲಿಸಲು ಏರ್ಪಡಿಸಿದ್ದರು. ಮನೆಯಲ್ಲಿ ಕುಳಿತು ಹೆಂಗಸರು ಮಕ್ಕಳು ಮಾಡಬಹುದಾದ ಕೈಗಳ ಉದ್ಯಮ ಅದು. ಬೃಹತ್ ಯಂತ್ರಗಳ ಕನಸುಗಾರನೇ ಅದನ್ನೂ ನೆಟ್ಟನೆಂಬುದನ್ನು ನಾವು ಗಮನಿಸುವುದು ಕಡಿಮೆ.

ಇನ್ನೊಂದು ನೀರಿನ ಶಕ್ತಿಯ ಯೋಜನೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದು, ಜಲಪಾತವೆಂಬುದು ಕವಿಗಳ ಸೊತ್ತಷ್ಟೇ ಅಲ್ಲವೆಂದು ಶೇಷಾದ್ರಿ ಅಯ್ಯರವರು ಹಾಕಿಸಿದ ಯೋಜನೆ ತೋರಿಸಿಕೊಟ್ಟಿತ್ತು. ಮುಂಬಯಿಯ ಹಿಂದೆ ಜಲಪಾತವಿಲ್ಲ. ಇರುವುದು ಸಹ್ಯಾದ್ರಿಯ ಮುಂಗಾರು. ನಾಲ್ಕು ತಿಂಗಳು ಸುರಿಯುವ ಮಳೆಯನ್ನು ಲೋಣಾವಳದ ಬಳಿ ಕಟ್ಟೆಗಳಲ್ಲಿ ಹಿಡಿದಿಟ್ಟು, ಘಟ್ಟದ ಕೆಳಗಿನ ಖೋಪೋಲಿಗೆ ಕೊಳವೆಗಳಲ್ಲಿ ಇಳಿಸಿ, ಆ ರಭಸದಿಂದ ಹುಟ್ಟಿದ ವಿದ್ಯುತ್ತಿನಿಂದ ಮುಂಬಯಿಯ ಗಿರಣಿಗಳನ್ನು ನಡೆಸಬೇಕು. ಇಲ್ಲಿಯೂ ಖರ್ಚೆಲ್ಲ ಮೊದಲೇ. ಆಮೇಲೆ ನೋಡಿಕೊಳ್ಳಲು ಬೆರಳೆಣಿಕೆಯ ಜನ ಸಾಕು.

1902ರಲ್ಲಿ ಅವರು ಅಮೆರಿಕೆಗೆ ಹೋಗಿ ಉಕ್ಕಿನ ಊರುಗಳನ್ನು ಸುತ್ತಿದರು. ಜೂಲಿಯನ್ ಕೆನೆಡಿ ಎಂಬ ಎಂಜಿನಿಯರು, ಕಾರ್ಖಾನೆ ಹಾಗಿರಲಿ, ಅದು ಸಾಧ್ಯವೇ ಎಂದು ಪರೀಕ್ಷಿಸುವುದಕ್ಕೇ ಅಪಾರ ಹಣ ಬೇಕಾದೀತೆಂದು ಎಚ್ಚರಿಸಿ, ನ್ಯೂಯಾರ್ಕಿನ ಚಾರ್ಲ್ಸ್ ಪೇಜ್ ಪೆರಿನ್ನರ ಹೆಸರನ್ನು ಹೇಳಿದರು. ಪರಿಚಯವಿಲ್ಲದ ಪರದೇಶೀ ವೃದ್ಧರೊಬ್ಬರು ಒಂದು ದಿನ ಪೆರಿನ್ನರ ಕಚೇರಿಗೆ ಬಂದು, ಖರ್ಚಿನ ಚಿಂತೆ ತಮ್ಮದೆಂದೂ ಭಾರತಕ್ಕೆ ಬಂದು ಅದಿರನ್ನೂ ಇದ್ದಲನ್ನೂ ಹುಡುಕಿಕೊಡಬೇಕೆಂದೂ ಕೇಳಿದರು. ಪೆರಿನ್ ಮರುಮಾತಿಲ್ಲದೆ ಒಪ್ಪಿದರು. ಲಂಡನ್ನಿನ ಸಾಲಗಾರರು ಕಂಡಿದ್ದ ಮುಖವನ್ನೇ ಅವರೂ ಕಂಡಿರಬೇಕು.

ಅದೇ ವರ್ಷ ಮಗ ದೊರಾಬ್‌ಜಿಗೆ ಬರೆದ ಪತ್ರದಲ್ಲಿ ಅವರು ಇನ್ನೂ ನಿವೇಶನವೇ ನಿಶ್ಚಯವಾಗದ ಊರನ್ನು ವರ್ಣಿಸಿದರು. ಬೀದಿಗಳು ಅಗಲವಾಗಿರಬೇಕು, ನೆರಳಿನ ಮರಗಳನ್ನು ನೆಡಬೇಕು, ಒಂದರ ಮಗ್ಗುಲಿಗೆ ಬೇಗ ಬೆಳೆಯುವ ಇನ್ನೊಂದನ್ನು, ಹುಲ್ಲುಗಾವಲು, ತೋಟ, ಆಟದ ಬಯಲುಗಳಿಗೆ ಧಾರಾಳವಾಗಿ ಜಾಗ ಬಿಡಬೇಕು, ದೇವಸ್ಥಾನ, ಮಸೀದಿ, ಚರ್ಚುಗಳಿಗೂ ನೆಲ ಗುರುತಿಸಬೇಕು. ಬೇಗ ಬೆಳೆಯುವ ಮರದ ಮಾತನ್ನು ಓದಿದಾಗಲೆಲ್ಲ ನನ್ನ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ಕಾಯುವುದನ್ನೇ ಜೀವನವೆಲ್ಲ ಕಲಿತವರು ಬರೆದುದದು.

ಅವರಿಗೆ ಕಾಲ ಉಳಿದಿರಲಿಲ್ಲ. ಪೆರಿನ್ನರ ಸಹಾಯಕ ವೆಲ್ಡ್ ಅವರೂ ದೊರಾಬ್‌ಜಿಯವರೂ ಚಾಂದಾದ ಕಾಡುಗಳಲ್ಲಿ ಎತ್ತಿನ ಗಾಡಿಯಲ್ಲಿ ಅಲೆದರು. ಅದಿರು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಚದರಿಹೋಗಿತ್ತು. ನಾಗಪುರದ ವಸ್ತುಸಂಗ್ರಹಾಲಯದಲ್ಲಿ ಕಣ್ಣಿಗೆ ಬಿದ್ದ ಒಂದು ನಕ್ಷೆಯಿಂದ ಧಲ್ಲಿ ರಾಜಹರಾದ ಉತ್ತಮ ಅದಿರಿನ ಬೆಟ್ಟಗಳು ಗೊತ್ತಾದವು. ಅವನ್ನೂ ಟಾಟಾ ಅವರು ಬಳಸಲಿಲ್ಲ. ಅರ್ಧ ಶತಮಾನದ ಬಳಿಕ ಅವು ಭಿಲಾಯಿಯ ಕಾರ್ಖಾನೆಗೆ ಒದಗಿದವು. 1904ರ ಫೆಬ್ರವರಿಯಲ್ಲಿ ಭೂಗರ್ಭಶಾಸ್ತ್ರಜ್ಞ ಪ್ರಮಥನಾಥ ಬೋಸರು ಮಯೂರಭಂಜದ ಗುರುಮಹಿಷಾನಿ ಬೆಟ್ಟದ ಅದಿರಿನ ವಿಷಯವಾಗಿ ಜಮಷೇಟ್‌ಜಿಯವರಿಗೆ ಪತ್ರ ಬರೆದರು. ಅದೇ ವರ್ಷ ಮೇ 19ರಂದು ಜರ್ಮನಿಯ ನೌಹೈಮಿನಲ್ಲಿ ಅವರು ತೀರಿಕೊಂಡರು. ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಿದರು. ಉಕ್ಕು, ವಿದ್ಯಾಪೀಠ, ವಿದ್ಯುತ್ತು, ಮೂರರಲ್ಲಿ ಒಂದನ್ನೂ ಅವರು ಕಣ್ಣಾರೆ ಕಾಣಲಿಲ್ಲ. ಕಂಡದ್ದು ಮುಂಬಯಿಯ ತಾಜಮಹಲ್ ಹೋಟೆಲನ್ನು ಮಾತ್ರ. ಅದು 1903ರಲ್ಲಿ ತೆರೆದಿತ್ತು.

ಮುಂದಿನದನ್ನು ಸಂಗ್ರಹವಾಗಿ ಹೇಳುತ್ತೇನೆ. ದೊರಾಬ್‌ಜಿಯವರೂ ಬರ್ಜೋರ್‌ಜಿ ಪಾದಷಾ ಅವರೂ ಲಂಡನ್ನಿಗೆ ಹೋಗಿ ಮೂಲಧನವನ್ನು ಕೇಳಿದರು. ಅಲ್ಲಿನ ಹಣದ ಪೇಟೆ ಮುಖ ತಿರುಗಿಸಿತು. ಆಗ ಅವರು ಸ್ವದೇಶದ ಜನರನ್ನೇ ಕೇಳುವುದೆಂದು ನಿಶ್ಚಯಿಸಿದರು. 1907ರ ಆಗಸ್ಟಿನಲ್ಲಿ ಸಂಸ್ಥೆಯ ಪ್ರಕಟಣೆ ಹೊರಟಿತು. ಸ್ವದೇಶಿಯ ಕಾವು ಏರಿದ್ದ ಕಾಲ. ಮುಂಬಯಿಯ ಕಚೇರಿಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಜನ ನೆರೆದರು. ಮೂರು ವಾರಗಳಲ್ಲಿ ಎರಡು ಕೋಟಿ ರೂಪಾಯಿಗೆ ಮೀರಿದ ಮೂಲಧನವನ್ನು ಸುಮಾರು 8,000 ಭಾರತೀಯರು ತುಂಬಿದರು. ಸಾಲದ್ದಕ್ಕೆ ಗ್ವಾಲಿಯರಿನ ಮಹಾರಾಜರು 4 ಲಕ್ಷ ಪೌಂಡುಗಳ ಡಿಬೆಂಚರು ಸಾಲವನ್ನು ಒಬ್ಬರೇ ಕೊಟ್ಟರು. ನಾಗಪುರದ ಸಾಹುಕಾರನ ದೇಶವೇ ಇದು! ನಡುವೆ ಮೂವತ್ತಮೂರು ವರ್ಷಗಳು ಕಳೆದಿದ್ದವು. ಅಷ್ಟರಲ್ಲಿ ಕಾಯುವ ಹಣವು ಹುಟ್ಟಿತ್ತು. ಅದು ಹುಟ್ಟುವುದಕ್ಕೆ ದೇಶಾಭಿಮಾನದಷ್ಟೇ ಎಂಪ್ರೆಸ್ ಮಿಲ್ಲಿನ ತಪ್ಪದ ಲಾಭಾಂಶವೂ ಕಾರಣವೆಂದು ನಾನು ನಂಬಿದ್ದೇನೆ. ಸರ್ಕಾರವೂ ವರ್ಷಕ್ಕೆ 20,000 ಟನ್ನು ಹಳಿಗಳನ್ನು ಹತ್ತು ವರ್ಷ ಕೊಳ್ಳಲು ಒಪ್ಪಿತು. ಟಾಟಾ ಮಾಡುವ ಹಳಿಯನ್ನು ಪೌಂಡು ಪೌಂಡಾಗಿ ತಿಂದು ತೋರಿಸುತ್ತೇನೆಂದು ರೈಲ್ವೆಯ ಉನ್ನತಾಧಿಕಾರಿಯೊಬ್ಬರು ಹಾಸ್ಯ ಮಾಡಿದರೆಂಬ ಕಥೆ ಆಗಿನದೇ.

ಸುವರ್ಣರೇಖಾ ಖರಕಾಯಿ ನದಿಗಳು ಕೂಡುವಲ್ಲಿದ್ದ ಸಾಕ್ಚಿ ಎಂಬ ಹಳ್ಳಿಯನ್ನು ಆರಿಸಿ 1908ರಲ್ಲಿ ಕೆಲಸ ತೊಡಗಿದರು. 1911ರ ಡಿಸೆಂಬರ್ 2ರಂದು ಬೀಡುಕಬ್ಬಿಣ ಹರಿಯಿತು. 1912ರ ಫೆಬ್ರವರಿ 16ರಂದು ಮೊದಲ ಉಕ್ಕಿನ ಗಟ್ಟಿ ಹೊರಬಂತು. ಆ ವರ್ಷವೇ ಅಲ್ಲಿ ಎಂಟು ಗಂಟೆಗಳ ದುಡಿಮೆ ಜಾರಿಗೆ ಬಂತು. 1915ರಲ್ಲಿ ಖೋಪೋಲಿಯ ವಿದ್ಯುತ್ತು ಮುಂಬಯಿಯನ್ನು ಮುಟ್ಟಿತು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಸಾಕ್ಚಿಯ ಕಾಡು ಬರಿದಾಗಿರಲಿಲ್ಲ. ಸಂತಾಲ, ಹೋ, ಭೂಮಿಜ ಜನರ ನೆಲವದು. ಘಟ್ಟಗಳಲ್ಲಿ ಟಾಟಾ ಸಂಸ್ಥೆಯು ಮುಳಶಿಯ ಕಟ್ಟೆಗೆ ಕೈಹಾಕಿದಾಗ, ಗದ್ದೆಗಳನ್ನು ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದರು. ಕಟ್ಟೆ ಎದ್ದಿತು, ಗದ್ದೆಗಳು ಮುಳುಗಿದವು. ಷೇರು ಕೊಂಡ ಎಂಟು ಸಾವಿರ ಮಂದಿ ತಮ್ಮ ಇಚ್ಛೆಯಿಂದ ಹಣವನ್ನು ಹೂಳಿದರು. ಈ ಜನರ ಮೂಲಧನವನ್ನು ಯಾರೂ ಕೇಳದೆಯೇ ಹೂಳಿದರು. ಇವರಿಗೆ ಲಾಭಾಂಶವೂ ಬರಲಿಲ್ಲ. ವಿದ್ಯಾರ್ಥಿಗಳು ಕೇಳುತ್ತಿದ್ದ ಪ್ರಶ್ನೆಯು ನನ್ನ ಮಟ್ಟಿಗೆ ಇನ್ನೂ ಜೀವಂತವಾಗಿರುವುದು ಈ ಕಾರಣದಿಂದ.

ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ಕಬ್ಬಿಣದ ಕಾರ್ಖಾನೆಯನ್ನು ಯೋಚಿಸಿದಾಗ ಸಲಹೆಗೆ ಕರೆಸಿದುದು ಅದೇ ಪೆರಿನ್ನರನ್ನು. ಭದ್ರಾವತಿಯ ಕುಲುಮೆ 1923ರಲ್ಲಿ ಹೊತ್ತಿದಾಗ ಯುದ್ಧಾನಂತರದ ಕುಸಿತದಿಂದ ಲೋಕದಲ್ಲೆಲ್ಲ ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಸಂಸ್ಥಾನದ ಹಣವು ಕಾಡಿನಲ್ಲಿ ಸುಟ್ಟುಹೋಯಿತೆಂದು ದೂರಿದವರು ಹಲವರು. ಜಮಷೇಡ್‌ಪುರದ ಸ್ಥಿತಿಯೂ ಅದೇ ಆಗಿತ್ತು. ಯುದ್ಧಕಾಲದಲ್ಲಿ ಕೈಗೊಂಡ ವಿಸ್ತರಣೆಯು ಮುಗಿಯುವ ವೇಳೆಗೆ ಪರದೇಶದ ಅಗ್ಗದ ಉಕ್ಕು ಬಂದರುಗಳಲ್ಲಿ ತುಂಬಿತ್ತು. 1924ರಲ್ಲಿ ಕೆಲಸಗಾರರ ಸಂಬಳಕ್ಕೂ ಹಣವಿಲ್ಲವೆನ್ನುವಂತಾದಾಗ, ದೊರಾಬ್‌ಜಿಯವರು ತಮ್ಮ ಸ್ವಂತ ಆಸ್ತಿಯನ್ನೆಲ್ಲ, ಹೆಂಡತಿ ಮೆಹರಬಾಯಿಯವರ ಒಡವೆಗಳನ್ನೂ ಸೇರಿಸಿ, ಇಂಪೀರಿಯಲ್ ಬ್ಯಾಂಕಿಗೆ ಅಡವಿಟ್ಟು ಒಂದು ಕೋಟಿ ರೂಪಾಯಿ ಸಾಲ ತಂದರು. ಅದೇ ವರ್ಷ ಸರ್ಕಾರವು ಆಮದಾಗುವ ಉಕ್ಕಿನ ಮೇಲೆ ರಕ್ಷಣಾ ಸುಂಕವನ್ನು ವಿಧಿಸಿತು. ಕುಲುಮೆಗಳು ಆರಲಿಲ್ಲ.

ಸಾಕ್ಚಿಗೆ ಜಮಷೇಡ್‌ಪುರವೆಂಬ ಹೆಸರಿಟ್ಟುದು 1919ರ ಜನವರಿಯಲ್ಲಿ. ಅದನ್ನು ಸೇರಿದ ಕಾಲಿಮಾಟಿ ರೈಲ್ವೆ ನಿಲ್ದಾಣವು ಟಾಟಾನಗರವಾಯಿತು. ದೊರಾಬ್‌ಜಿಯವರು 1932ರಲ್ಲಿ, ತಂದೆಯಂತೆಯೇ ಜರ್ಮನಿಯಲ್ಲಿ, ತೀರಿಕೊಂಡರು. ಅವರ ಸಮಾಧಿಯೂ ಬ್ರೂಕ್‌ವುಡ್‌ನಲ್ಲಿಯೇ ಇದೆ.